ಸುಲಿದ ಕಿತ್ತಳೆ ಮುಳುಗಿತು

ಸಾಂತಾ ಬ್ರಿಹಿದಾ, ಸೆಪ್ಟೆಂಬರ್ 4

ಪ್ರೀತಿಯ ಫಿಲೆಮೋನ್ ಮೇಷ್ಟ್ರಿಗೆ,

ನಿಮ್ಮ ಶಿಷ್ಯೆ ಎದೆಲ್ಮೀರಾಳ ನಮಸ್ಕಾರಗಳು. ನೆನಪಿದೆಯೋ ಇಲ್ಲವೋ, ಎರಡನೇ ಬೆಂಚಿನಲ್ಲಿ ಕೂತು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ನಿಮ್ಮ ತಲೆ ತಿನ್ನುತ್ತಿದ್ದ ಹುಡುಗಿ ನಾನು. ಈಗ ನಾನೂ ಮೇಷ್ಟ್ರಾಗಿದ್ದೇನೆ. ಬೆಟ್ಟದ ಮೇಲಿನ ಈ ಊರಿನ ಶಾಲೆಯಲ್ಲಿ ಏಳು, ಎಂಟು, ಒಂಬತ್ತು, ಮೂರೂ ತರಗತಿ ಒಂದೇ ಕೋಣೆಯಲ್ಲಿ. ಟೀಚರೂ ಒಬ್ಬಳೇ.

ನನ್ನ ಕಷ್ಟ ಹೇಳುತ್ತೇನೆ. ಕ್ರಿಸ್ಪಿನ್ ಅಂತ ಒಬ್ಬ ಹುಡುಗನಿದ್ದಾನೆ. ನಾನು ಬಾಯಿ ತೆರೆಯುವುದರೊಳಗೆ ಉತ್ತರ ಹೇಳಿ, ಆಮೇಲೆ ಬೇಜಾರಾಗಿ ಪಕ್ಕದವನಿಗೆ ಚಿವುಟುತ್ತಾನೆ. ಸೊಯ್ಲಾ ಅಂತ ಒಬ್ಬಳು ಹುಡುಗಿ. ಒಂದು ವಿಷಯ ಹಿಡಿದರೆ ಅಲ್ಲೇ ಬೇರು ಬಿಡುತ್ತಾಳೆ. ಅವಳು ಏಳುವಷ್ಟರಲ್ಲಿ ಪಾಠ ಮುಗಿದು ಮೂರು ದಿನವಾಗಿರುತ್ತದೆ. ಇವರಿಬ್ಬರ ನಡುವೆ ಎಲ್ಲೋ ಇರುವ, ನಿಜವಾಗಿ ಇಲ್ಲವೇ ಇಲ್ಲದ ಒಂದು ಮಗುವಿಗೆ ನಾನು ಕಳೆದ ವರ್ಷವೆಲ್ಲ ವಿಜ್ಞಾನ ಹೇಳಿಕೊಟ್ಟೆ.

ಈ ವರ್ಷ ಸೋಪಿನ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ ಬಂದಿದೆ, ಜೊತೆಗೆ ಹಳೆಯ ಟ್ಯಾಬ್‌ಗಳು. ಇಂಟರ್‌ನೆಟ್ ಬೇಡ, ಪಾಠಗಳೆಲ್ಲ ಪೆಟ್ಟಿಗೆಯೊಳಗೇ ಇರುತ್ತವೆ. ಒಂದೊಂದು ಮಗುವೂ ತನ್ನ ಪಾಠವನ್ನು ತಾನೇ ತೆರೆಯುತ್ತದೆ. ಬೇಕಾದಲ್ಲಿ ನಿಲ್ಲಿಸುತ್ತದೆ, ಹಿಂದಕ್ಕೆ ಹೋಗುತ್ತದೆ. ಕೊನೆಗೆ ಪ್ರಶ್ನೆಗಳಿಗೆ ಉತ್ತರ ಬರೆದು, ಕೈಯಾರೆ ಏನಾದರೂ ಮಾಡಿ ನನಗೆ ತೋರಿಸಬೇಕು. ಆಗಲೇ ಮುಂದಿನ ಪಾಠ ತೆರೆಯುವುದು. ಆದರೆ ಅದರಲ್ಲಿರುವ ವಿಡಿಯೊಗಳೋ! ಬಿಳಿ ಕೋಟು ಹಾಕಿದ ಒಬ್ಬರು ಗಾಜಿನ ಸಾಮಾನುಗಳ ನಡುವೆ ನಿಂತು ಏನೇನೋ ಹೇಳುತ್ತಾರೆ. "ಟೀಚರ್, ಈ ಡಾಕ್ಟ್ರು ಯಾಕೆ ಯಾರಿಗೂ ಇಂಜೆಕ್ಷನ್ ಕೊಡ್ತಿಲ್ಲ?" ಅಂತ ಮಕ್ಕಳು ಕೇಳುತ್ತವೆ.

ಮೇಷ್ಟ್ರೇ, ನಿಮ್ಮ ಪಾಠ ಬೇಕು. ನಿಮ್ಮ ದನಿಯಲ್ಲೇ ಬೇಕು. ನೀವು ಪಾಠ ಮಾಡುವಾಗ ಬೀದಿಯಲ್ಲಿ ಐಸ್ ಮಾರುವವನು ಗಾಡಿ ನಿಲ್ಲಿಸಿ ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದ. ಯಾರಾದರೂ ಫೋನಿನಲ್ಲಿ ವಿಡಿಯೊ ಮಾಡಿ ಮೆಮೊರಿ ಕಾರ್ಡಿಗೆ ಹಾಕಿಕೊಟ್ಟರೆ ಸಾಕು. ನಮ್ಮೂರಿನ ನಾಬೋರ್ ವಾರವಾರ ವ್ಯಾನು ತೆಗೆದುಕೊಂಡು ತುಸ್ತೆಪೆಕ್ ಪೇಟೆಗೆ ಇಳಿಯುತ್ತಾನೆ. ಪತ್ರ, ಕಾರ್ಡು ಎಲ್ಲ ಅವನ ಕೈಲೇ ಕೊಡಿ.

ಊರಿನ ಅಂಗಡಿಯಿಂದ ಎರಡು ಸಲ ನಿಮ್ಮ ಮನೆಗೆ ಫೋನ್ ಮಾಡಿದೆ. ಯಾರೋ ಎತ್ತಿದರು, ಮಾತಾಡದೆ ಇಟ್ಟುಬಿಟ್ಟರು.

ನಿಮ್ಮ,
ಎದೆಲ್ಮೀರಾ


ತುಸ್ತೆಪೆಕ್, ಸೆಪ್ಟೆಂಬರ್ 13

ಎದೆಲ್ಮೀರಾಳಿಗೆ,

ನಿನ್ನ ನೆನಪಿಲ್ಲದೆ ಏನು? ನಾನು ಬೋಳಾಗಿದ್ದರಲ್ಲಿ ನಿನ್ನದೂ ಪಾಲಿದೆ.

ಪತ್ರ ಓದಿದೆ. ಮಕ್ಕಳನ್ನು ಗಾಜಿನ ಪರದೆಯ ಮುಂದೆ ಕೂರಿಸುವುದಕ್ಕೆ ನಿನ್ನನ್ನು ಓದಿಸಿದೆನೇ? ಪಾಠ ಅಂದರೆ ಮೇಷ್ಟ್ರು ಮಕ್ಕಳ ಮುಖ ನೋಡಿ ಮಾಡುವುದು. ಒಬ್ಬನ ಹುಬ್ಬು ಗಂಟಿಕ್ಕಿತು ಅಂದರೆ ಅಲ್ಲಿ ನಿಲ್ಲಿಸಬೇಕು ಅಂತ ನಿನ್ನ ಪೆಟ್ಟಿಗೆಗೆ ಗೊತ್ತಾಗುತ್ತದೆಯೇ? ಪೆಟ್ಟಿಗೆ ಪಾಠ ಮಾಡಿದರೆ ನೀನು ಏನು ಮಾಡುತ್ತೀಯ, ಚಹಾ ಕಾಯಿಸುತ್ತೀಯಾ?

ನನಗೆ ಇದೆಲ್ಲ ಆಗದು. ಬೇರೆ ಯಾರನ್ನಾದರೂ ಕೇಳು. ಮನೆಯ ಫೋನು ಕೆಟ್ಟಿದೆ, ಮಾಡಬೇಡ.

ಫಿಲೆಮೋನ್


ಸಾಂತಾ ಬ್ರಿಹಿದಾ, ಸೆಪ್ಟೆಂಬರ್ 26

ಮೇಷ್ಟ್ರೇ,

ನಿಮ್ಮ ಪತ್ರ ಓದಿ ಒಂದು ದಿನ ಸಿಟ್ಟು ಬಂತು. ಎರಡನೆಯ ದಿನ ಬರೆಯಲು ಕೂತಿದ್ದೇನೆ. ನೀವು ಇಷ್ಟು ಒರಟಾಗಿ ಬರೆಯುವವರಲ್ಲ. ನನ್ನ ಮೇಲೆ ಏನಾದರೂ ಬೇಸರವೇ?

ಚಹಾ ಕಾಯಿಸುವುದಿಲ್ಲ ಮೇಷ್ಟ್ರೇ. ನೀವು ಹೇಳಿದ ಹುಬ್ಬಿನ ಗಂಟು ನೋಡುವುದಕ್ಕೆ ನನಗೆ ಈಗಲೇ ಪುರಸೊತ್ತು ಸಿಕ್ಕಿರುವುದು. ಮೊದಲು ಬೋರ್ಡಿನ ಕಡೆ ಮುಖ ಮಾಡಿ ಅರ್ಧ ದಿನ ಕಳೆಯುತ್ತಿದ್ದೆ. ಈಗ ಬೆಂಚಿನಿಂದ ಬೆಂಚಿಗೆ ಹೋಗಿ ಪಕ್ಕದಲ್ಲಿ ಕೂರುತ್ತೇನೆ. ಮೊನ್ನೆ ಸೊಯ್ಲಾ ನೆರಳಿನ ಪಾಠವನ್ನು ಎಷ್ಟನೆಯದೋ ಸಲ ಹಿಂದಕ್ಕೆ ಹಾಕಿ ನೋಡುತ್ತಿದ್ದಳು. "ಅರ್ಥವಾಗ್ಲಿಲ್ವಾ ಕಂದ?" ಅಂದೆ. "ಆಗಿದೆ ಟೀಚರ್. ಆದ್ರೆ ಇವ್ರು ಸಂಜೆ ನೆರಳು ಉದ್ದ ಅಂತಾರೆ, ಬೆಳಿಗ್ಗೆದು ಹೇಳೋದೇ ಇಲ್ಲ. ಮರ್ತಿದಾರೋ, ಗೊತ್ತಿಲ್ವೋ ಅಂತ ನೋಡ್ತಿದೀನಿ" ಅಂದಳು. ಮೂರು ವರ್ಷದಿಂದ ದಡ್ಡಿ ಅನ್ನಿಸಿಕೊಂಡಿರುವ ಹುಡುಗಿ ಮೇಷ್ಟ್ರೇ ಇವಳು.

ಊರಿನವರಿಗೆಲ್ಲ ಈ ಹೊಸ ಕ್ರಮ ಬಹಳ ಹಿಡಿಸಿದೆ. ಆ ಚಿಂತೆ ಇಲ್ಲ.

ಒಂದೇ ಒಂದು ಪಾಠ ಕಳಿಸಿ. ಚೆನ್ನಾಗಿಲ್ಲದಿದ್ದರೆ ಮತ್ತೆ ಕೇಳುವುದಿಲ್ಲ.

ಎದೆಲ್ಮೀರಾ


ತುಸ್ತೆಪೆಕ್, ಅಕ್ಟೋಬರ್ 9

ಎದೆಲ್ಮೀರಾ,

ಬೆಳಗಿನ ನೆರಳಿನ ಪ್ರಶ್ನೆ ಓದಿ ನನ್ನ ಅಕ್ಕ ಎದುವಿಹೆಸ್ ಹಟ ಹಿಡಿದಳು. "ಆ ಹುಡುಗಿಗೋಸ್ಕರನಾದ್ರೂ ಏನಾದ್ರೂ ಮಾಡೋ, ಇಡೀ ದಿನ ಜೋಲಿಯಲ್ಲಿ ಮಲಗಿ ಛಾವಣಿಯ ಹೆಂಚು ಎಣಿಸ್ತೀಯಲ್ಲ" ಅಂತ ಒಂದೇ ಸಮನೆ ಬೈದಳು. ಫೋನು ಹಿಡಿದು ವಿಡಿಯೊ ಮಾಡಿದವಳೂ ಅವಳೇ. ಆದ್ದರಿಂದ ಅಲ್ಲಲ್ಲಿ ಅವಳ ಹೆಬ್ಬೆರಳು ಕಾಣುತ್ತದೆ.

ಕಾರ್ಡು ಇಟ್ಟಿದ್ದೇನೆ. ನೋಡು. ಸರಿಯಿಲ್ಲದಿದ್ದರೆ ಅಳಿಸಿಹಾಕು.

ಫಿಲೆಮೋನ್


ಸಾಂತಾ ಬ್ರಿಹಿದಾ, ಅಕ್ಟೋಬರ್ 19

ಮೇಷ್ಟ್ರೇ, ಮೇಷ್ಟ್ರೇ, ಮೇಷ್ಟ್ರೇ!

ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ವಿಡಿಯೊದಲ್ಲಿ ನಿಮ್ಮ ದನಿ ಬಂದಿಲ್ಲ. ಹಿತ್ತಲಿನ ಕೋಳಿ ಕೂಗಿದ್ದು ಕೇಳುತ್ತದೆ, ನೀರಿನ ಸದ್ದು ಕೇಳುತ್ತದೆ, ಎದುವಿಹೆಸ್ ಅಮ್ಮ ಸೀನಿದ್ದೂ ಕೇಳುತ್ತದೆ. ನಿಮ್ಮ ಮಾತು ಮಾತ್ರ ಇಲ್ಲ. ಫೋನಿನ ಮೈಕಿಗೆ ಏನೋ ಆಗಿರಬೇಕು, ಮಾತು ಹಿಡಿಯುತ್ತಿಲ್ಲ. ಅಂಗಡಿಗೆ ತೋರಿಸಿ.

ಈಗ ಒಳ್ಳೆಯ ಸುದ್ದಿ. ದನಿ ಇಲ್ಲದ್ದನ್ನು ಮಕ್ಕಳಿಗೆ ಹೇಗೆ ಕೊಡುವುದು ಅಂತ ನಾನು ಪಕ್ಕಕ್ಕೆ ಇಟ್ಟಿದ್ದೆ. ಕ್ರಿಸ್ಪಿನ್ ಹೇಗೋ ತೆರೆದುಬಿಟ್ಟಿದ್ದಾನೆ. ಎರಡು ಕೈ. ಒಂದು ಬಕೆಟ್ಟು ನೀರು. ಕೈಗಳು ಒಂದು ಕಿತ್ತಳೆಯನ್ನು ನೀರಿಗೆ ಬಿಡುತ್ತವೆ, ತೇಲುತ್ತದೆ. ಅದನ್ನೇ ತೆಗೆದು ನಿಧಾನವಾಗಿ ಸಿಪ್ಪೆ ಸುಲಿದು ಮತ್ತೆ ಬಿಡುತ್ತವೆ. ಮುಳುಗುತ್ತದೆ. ಕೈಗಳು ಅಂಗೈ ಮೇಲೆ ಮಾಡಿ 'ಯಾಕೆ?' ಅನ್ನುತ್ತವೆ. ಮುಗಿಯಿತು!

"ಟೀಚರ್, ಮೋಸ! ಸುಲಿದ್ರೆ ಹಗುರ ಆಗ್ಬೇಕು. ಹಗುರ ಆದ್ಮೇಲೆ ಹೆಂಗೆ ಮುಳುಗ್ತದೆ?" ಅಂತ ಕ್ರಿಸ್ಪಿನ್ ಕಿರುಚಿದ. ಎಲ್ಲದಕ್ಕೂ ಉತ್ತರ ಗೊತ್ತಿದ್ದ ಹುಡುಗ ಮೊದಲ ಸಲ ಹಿಂದಕ್ಕೆ ಹಾಕಿ ನೋಡಿದ್ದು ಆಗಲೇ. ಉಳಿದವರೂ ಮುತ್ತಿಕೊಂಡರು. ಹೇಳುವವರು ಯಾರೂ ಇಲ್ಲ ನೋಡಿ, ಎಲ್ಲರೂ ತಾವೇ ಹೇಳತೊಡಗಿದರು. ಕೈಗಳು ಕಳ್ಳಾಟ ಆಡಿವೆಯೇನೋ ಅಂತ ಒಂದೊಂದೇ ಚಿತ್ರ ನಿಲ್ಲಿಸಿ ಹುಡುಕಿದರು.

ಸೊಯ್ಲಾ ಮಾತ್ರ ಎದ್ದು ಬಾವಿಕಟ್ಟೆಗೆ ಹೋದಳು. ಅಂದಿನಿಂದ ಅವಳು ಆ ಪಾಠ ಬಿಟ್ಟು ಕದಲಿಲ್ಲ. ನಿಂಬೆ, ಬೆಣ್ಣೆಹಣ್ಣು, ಸೀಮೆಬದನೆ, ಎಲ್ಲವನ್ನೂ ಸುಲಿದು ಮುಳುಗಿಸುತ್ತಿದ್ದಾಳೆ. ಉಳಿದವರೆಲ್ಲ ಮುಂದೆ ಹೋದರು. ಅವಳನ್ನು ಎಬ್ಬಿಸಬೇಕೋ ಬಿಡಬೇಕೋ ತಿಳಿಯದೆ ಬಿಟ್ಟಿದ್ದೇನೆ.

ಇನ್ನೂ ಬೇಕು ಮೇಷ್ಟ್ರೇ. ಮೈಕು ಸರಿಮಾಡಿಸಿ ಕಳಿಸಿ.

ಎದೆಲ್ಮೀರಾ


ತುಸ್ತೆಪೆಕ್, ಅಕ್ಟೋಬರ್ 28

ಪ್ರೀತಿಯ ಎದೆಲ್,

ಮೈಕು ಹಾಳಾಗಿದೆ, ನಿಜ. ತೋರಿಸಿದೆ. ರಿಪೇರಿ ಆಗುವುದಿಲ್ಲ ಅಂದರು. ಮುಂದಿನವೂ ಹೀಗೇ ಇರುತ್ತವೆ, ಹೊಂದಿಕೊಳ್ಳಿ. ಮೂರು ಹೊಸವು ಇಟ್ಟಿದ್ದೇನೆ. ಮೋಂಬತ್ತಿಯದು ಮಾಡುವಾಗ ಅಕ್ಕನ ಸೆರಗು ಸ್ವಲ್ಪ ಸುಟ್ಟಿತು. ಅವಳು ಕೂಗಾಡಿದ್ದನ್ನು ತೆಗೆಯಲು ನನಗೆ ಬರಲಿಲ್ಲ. ಮಕ್ಕಳು ಆ ಪದಗಳನ್ನು ಕಲಿಯದಂತೆ ನೋಡಿಕೊ.

ಸೊಯ್ಲಾಳನ್ನು ಎಬ್ಬಿಸಬೇಡ. ಅವಳು ನಿಂತಿಲ್ಲ, ಅಗೆಯುತ್ತಿದ್ದಾಳೆ.

ಇನ್ನೊಂದು ಮಾತು. ಊರಿನವರಿಗೆಲ್ಲ ಹಿಡಿಸಿದೆ ಅಂತ ನೀನು ಬರೆದಿದ್ದೆ. ನಾಬೋರ್ ಬೇರೆಯೇ ಹೇಳುತ್ತಾನೆ. ತ್ರಾಂಕಿಲೀನೊ ಅಂತ ಪೋಷಕರ ಸಮಿತಿಯ ಮುಖ್ಯಸ್ಥನಂತೆ. "ಟೀಚರ್ ಪಾಠನೇ ಮಾಡಲ್ಲ, ಮಕ್ಕಳ ಹಿಂದೆ ಸುಮ್ನೆ ಓಡಾಡ್ತಾಳೆ" ಅಂತ ದೂರು ಕೊಟ್ಟಿದ್ದಾನಂತೆ. ಸತ್ತವರ ಹಬ್ಬ ಮುಗಿದ ಮೇಲೆ ಸಭೆಯಂತೆ. ಪೆಟ್ಟಿಗೆ ವಾಪಸು ಕಳಿಸಿ, ನಿನ್ನ ಬದಲು ಬೇರೆ ಟೀಚರನ್ನು ಕೇಳುತ್ತಾರಂತೆ. ಇಷ್ಟೆಲ್ಲ ಮುಚ್ಚಿಟ್ಟು ನನಗೆ ಕಿತ್ತಳೆಯ ಕಥೆ ಬರೆಯುತ್ತೀಯ!

ಸಭೆಯಲ್ಲಿ ಪೆಟ್ಟಿಗೆಯ ಗುಣಗಾನ ಮಾಡಬೇಡ. ಒಂದು ತೊಟ್ಟಿ ನೀರು ತರಿಸು. ಉಳಿದದ್ದು ಮಕ್ಕಳು ನೋಡಿಕೊಳ್ಳುತ್ತಾರೆ.

ನಿನ್ನ ಮೇಷ್ಟ್ರು


ಸಾಂತಾ ಬ್ರಿಹಿದಾ, ನವೆಂಬರ್ 11

ಪ್ರೀತಿಯ ಮೇಷ್ಟ್ರಿಗೆ,

ಸಭೆ ನಡೆಯಿತು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಊರಿಗೆ ಊರೇ ಶಾಲೆಯ ಅಂಗಳದಲ್ಲಿ ಸೇರಿತ್ತು. ಯಾರ ಅಡುಗೆಮನೆ ನೋಡಿದರೂ ಹಬ್ಬದ ಕಿತ್ತಳೆ ರಾಶಿ ಬಿದ್ದಿದ್ದ ಹೊತ್ತು. ತ್ರಾಂಕಿಲೀನೊ ಟೋಪಿ ತೆಗೆದು ಎದ್ದು ನಿಂತರು. "ಟೀಚರಮ್ಮ ಒಳ್ಳೇರೇ. ನಾನೇನೂ ಅನ್ನಲ್ಲ. ಆದ್ರೆ ನಮ್ ಕಾಲದಲ್ಲಿ ಮೇಷ್ಟ್ರು ಹೇಳೋರು, ನಾವು ಬರ್ಕೊಳ್ಳೋರು. ಈಗ ಒಬ್ಬ ಚಂದ್ರನ ಪಾಠದಲ್ಲಿದಾನೆ, ಒಬ್ಬ ಬೇರಿನ ಪಾಠದಲ್ಲಿದಾನೆ. ನನ್ ತಮ್ಮನ ಮಗಳು ಸೊಯ್ಲಾ ಒಂದು ತಿಂಗಳಿಂದ ಹಣ್ಣು ಸುಲೀತಾ ಕೂತವ್ಳೆ. ಹಣ್ಣು ಸುಲಿಯೋದು ಕಲಿಯಕ್ಕೆ ಶಾಲೆ ಬೇಕಾ?"

ಎಲ್ಲರೂ ನಕ್ಕರು. ನೀವು ಹೇಳಿದ್ದಕ್ಕೆ ಬಾಯಿ ಮುಚ್ಚಿಕೊಂಡಿದ್ದೆ, ಇಲ್ಲದಿದ್ದರೆ ಅತ್ತುಬಿಡುತ್ತಿದ್ದೆ.

ಸೊಯ್ಲಾ ಎದ್ದಳು. ಜನರ ಮುಂದೆ ಅವಳು ಬಾಯಿ ತೆರೆದದ್ದನ್ನು ನಾನು ಕಂಡೇ ಇರಲಿಲ್ಲ. "ದೊಡ್ಡಪ್ಪ, ಬನ್ನಿ ಇಲ್ಲಿ" ಅಂತ ತೊಟ್ಟಿಯ ಹತ್ತಿರ ಕರೆದು ಎರಡು ಕಿತ್ತಳೆ ಕೈಗಿತ್ತಳು. "ಒಂದು ಸುಲೀರಿ. ಯಾವ್ದು ತೇಲ್ತದೆ ಹೇಳಿ."

"ಇದೇನ್ ಕೇಳೋ ಮಾತೇ ಹುಡ್ಗಿ? ಸುಲ್ದಿದ್ದು ಹಗುರ, ಅದೇ ತೇಲೋದು. ನನ್ ಟೋಪಿ ಪಣ!"

ಮುಳುಗಿತು. ಅಂಗಳ ಗೊಳ್ಳೆಂದಿತು. ತ್ರಾಂಕಿಲೀನೊ ತೋಳೇರಿಸಿ ಇನ್ನೊಂದು ಸುಲಿದರು, ಅದೂ ಮುಳುಗಿತು. "ಹಣ್ಣು ಕೆಟ್ಟಿದೆ, ಬೇರೆ ತನ್ನಿ!" ಅಂದರು. ಹೆಂಗಸರು ಮನೆಗೆ ಓಡಿ ಮಡಿಲು ತುಂಬ ತಂದರು. ಸ್ವಲ್ಪ ಹೊತ್ತಿನಲ್ಲಿ ಊರಿನ ಗಂಡಸರೆಲ್ಲ ತೊಟ್ಟಿಯ ಸುತ್ತ ಬಗ್ಗಿ ಕಿತ್ತಳೆ ಸುಲಿಯುತ್ತಿದ್ದರು, ಮುಳುಗಿಸುತ್ತಿದ್ದರು, ಜಗಳವಾಡುತ್ತಿದ್ದರು. ಸೊಯ್ಲಾ ಅವಸರ ಮಾಡಲಿಲ್ಲ. ಎಲ್ಲರೂ ದಣಿದ ಮೇಲೆ ಒಂದು ಸಿಪ್ಪೆಯನ್ನು ನೀರಿನೊಳಗೆ ಹಿಡಿದು ಗಟ್ಟಿಯಾಗಿ ಹಿಂಡಿದಳು. ಸಣ್ಣ ಸಣ್ಣ ಗುಳ್ಳೆ ಎದ್ದವು.

"ಏನಿದು?" ಅಂದರು ತ್ರಾಂಕಿಲೀನೊ.

"ನೀವೇ ಹೇಳಿ ದೊಡ್ಡಪ್ಪ."

ಅವರು ಬಹಳ ಹೊತ್ತು ನೋಡಿದರು. "ಗಾಳಿ" ಅಂದರು ಮೆಲ್ಲಗೆ. "ಬಿಳೀ ತಿರುಳೊಳಗೆ ಗಾಳಿ ಇದೆ. ಇದು ಹಣ್ಣಿಗೆ ಅಂಗಿ ಅಲ್ಲ, ದೋಣಿ!"

ಸೊಯ್ಲಾ ಸುಲಿದ ಹಣ್ಣಿಗೆ ಅದರದೇ ಸಿಪ್ಪೆಯನ್ನು ಮತ್ತೆ ಸುತ್ತಿ ದಾರ ಕಟ್ಟಿ ನೀರಿಗೆ ಬಿಟ್ಟಳು. ತೇಲಿತು. ಅಷ್ಟು ಜನ ಒಟ್ಟಿಗೆ "ಓ!" ಅಂದದ್ದು ನಿಮಗೆ ತುಸ್ತೆಪೆಕ್‌ಗೂ ಕೇಳಿಸಿರಬೇಕು.

ತ್ರಾಂಕಿಲೀನೊ ಟೋಪಿಯನ್ನು ಸೊಯ್ಲಾಳ ತಲೆಗಿಟ್ಟು ನನ್ನ ಕಡೆ ತಿರುಗಿದರು. "ಟೀಚರಮ್ಮ, ಆ ಕೈಗಳ ಪಾಠ ಒಂದ್ಸಲ ಹಾಕಿ, ನೋಡಣ." ನೋಡಿದರು. "ಇನ್ನೊಂದ್ಸಲ ಹಾಕಿ." ಪೆಟ್ಟಿಗೆ ಉಳಿಯಿತು ಮೇಷ್ಟ್ರೇ. ನಾನೂ ಉಳಿದೆ.

ಆ ಖುಷಿಯಲ್ಲಿ ಬಿಸಿಬಿಸಿ ಅತೋಲೆ ಗಂಜಿ ಕುಡಿಯುತ್ತಾ ಕೂತಿದ್ದಾಗ ನಾಬೋರ್ ಅಂದ: "ಮೇಷ್ಟ್ರು ಕೇಳಿದ್ರೆ ಎಷ್ಟು ಸಂತೋಷಪಡ್ತಾರೋ. ಪಾಪ, ಬಾಯಿಬಿಟ್ಟು ಹೇಳಕ್ಕಾಗಲ್ಲ. ಗಂಟಲು ಕೊಯ್ದಾಗಿನಿಂದ ಪಿಸುಗುಟ್ತಾರೆ ಅಷ್ಟೇ." ನನಗೆ ಗೊತ್ತಿದೆ ಅಂದುಕೊಂಡಿದ್ದ ಅವನು.

ಮೈಕು ಅಂದಿರಲ್ಲ ಮೇಷ್ಟ್ರೇ. ನಾನು ಅಂಗಡಿಗೆ ತೋರಿಸಿ ಅಂತ ಬರೆದೆ.

ಎದೆಲ್ಮೀರಾ


ತುಸ್ತೆಪೆಕ್, ನವೆಂಬರ್ 24

ಪ್ರೀತಿಯ ಎದೆಲ್,

ತೋರಿಸಿ ಅಂತ ನೀನು ಬರೆದದ್ದಕ್ಕೆ ನಾನೂ ಅಕ್ಕನೂ ಒಂದು ವಾರ ನಕ್ಕಿದ್ದೇವೆ. ಆದ್ದರಿಂದ ಆ ನೋವು ಬಿಡು.

ಜುಲೈಯಲ್ಲಿ ಆಪರೇಷನ್ ಆಯಿತು. ಗಂಟಲಿನಲ್ಲಿ ಗಡ್ಡೆ. ಪೂರ್ತಿ ತೆಗೆದಿದ್ದಾರೆ, ಭಯವಿಲ್ಲ ಅಂದಿದ್ದಾರೆ. ಗಡ್ಡೆಯ ಜೊತೆ ದನಿಯೂ ಹೋಯಿತು. ಉಸಿರು ಸರಾಗ, ಊಟ ಸರಾಗ, ಮಾತು ಮಾತ್ರ ಒಣ ಎಲೆಯ ಹಾಗೆ. ಪೇಟೆಯಲ್ಲಿ ಒಂದು ಸೇರು ಟೊಮೆಟೊ ಕೇಳಿದರೆ "ಏನು? ಏನಂದ್ರಿ?" ಅನ್ನುತ್ತಾರೆ. ಮೂರನೇ ಸಲಕ್ಕೆ ಬೆರಳು ತೋರಿಸಿ ತರುತ್ತೇನೆ. ಫೋನು ಎತ್ತಿದ್ದೂ ನಾನೇ. ನಿನ್ನ ದನಿ ಕೇಳಿ ಸಂತೋಷವಾಗಿತ್ತು. ಉತ್ತರ ಕೊಡಲು ಬಾಯಿ ತೆರೆದು, ಇಟ್ಟುಬಿಟ್ಟೆ.

ಆಮೇಲೆ ನಿನ್ನ ಪತ್ರ ಬಂತು. 'ನಿಮ್ಮ ದನಿಯಲ್ಲೇ ಬೇಕು.' ಆ ಸಾಲಿಗೆ ಸಿಟ್ಟು ಬಂದು ಪೆಟ್ಟಿಗೆಯನ್ನು ಬೈದೆ. ನಲವತ್ತು ವರ್ಷ ದನಿಯಿಂದಲೇ ಪಾಠ ಮಾಡಿದವನು ನಾನು. ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದೆ ಅಂದರೆ, ಮಕ್ಕಳಿಗೆ ಯೋಚಿಸಲು ಜಾಗವೇ ಉಳಿಯುತ್ತಿರಲಿಲ್ಲವೇನೋ ಅಂತ ಈಗ ಅನ್ನಿಸುತ್ತದೆ. ಇದನ್ನು ದುಃಖದಿಂದ ಬರೆಯುತ್ತಿಲ್ಲ. ತ್ರಾಂಕಿಲೀನೊನ ದೋಣಿ ಓದಿ ನಾನು ಜೋಲಿಯಿಂದ ಬಿದ್ದೆ. ಎಷ್ಟು ವರ್ಷ ಕಿತ್ತಳೆಯ ಪಾಠ ಮಾಡಿದ್ದೇನೆ, ನನಗೊಮ್ಮೆಯೂ ಆ ಮಾತು ಹೊಳೆದಿರಲಿಲ್ಲ.

ಐದು ಹೊಸ ಪಾಠ ಕಳಿಸಿದ್ದೇನೆ.

ನಿನ್ನ ಮೇಷ್ಟ್ರು


ಸಾಂತಾ ಬ್ರಿಹಿದಾ, ಜನವರಿ 15

ಮೇಷ್ಟ್ರೇ,

ಹೊಸ ವರ್ಷದ ಶುಭಾಶಯ. ಈ ಸಲ ಕಾರ್ಡು ನಮ್ಮ ಕಡೆಯಿಂದ. ಅದರಲ್ಲಿ ಎರಡು ಬಗೆಯ ವಿಡಿಯೊಗಳಿವೆ.

ಮೊದಲನೆಯವು ನಿಮ್ಮವೇ, ಮಕ್ಕಳು ಮಾತು ಸೇರಿಸಿದ್ದಾರೆ. ನಾನು ಹೇಳಿಕೊಟ್ಟಿಲ್ಲ. ಕೆಳಗಿನ ತರಗತಿಯವರಿಗೆ ಅನುಕೂಲವಾಗಲಿ ಅಂತ ಒಂದು ಸ್ಪ್ಯಾನಿಷ್‌ನಲ್ಲಿ, ಒಂದು ಊರಿನ ಚಿನಾಂತೆಕ್ ಮಾತಿನಲ್ಲಿ. ಕಿತ್ತಳೆ ಸುಲಿಯುವಾಗ ಏನೂ ಹೇಳಬಾರದು, ಸುಮ್ಮನಿರಬೇಕು ಅಂತ ಸೊಯ್ಲಾ ಕ್ರಿಸ್ಪಿನ್ ಜೊತೆ ಹೊಡೆದಾಡಿದಳು. "ಹೇಳಿದ್ರೆ ಅವ್ರು ನೋಡಲ್ಲ ಕಣೋ, ಕೇಳ್ತಾರೆ ಅಷ್ಟೇ!" ಅವಳೇ ಗೆದ್ದಳು.

ಎರಡನೆಯದು ನಿಮಗೆ. ನಿಮ್ಮ ವಿಷಯ ಮಕ್ಕಳಿಗೆ ಹೇಳಿದೆ. ಕ್ರಿಸ್ಪಿನ್, "ಉಸಿರು ಸರಿ ಇದೆಯಾ? ತುಟಿ ಸರಿ ಇದೆಯಾ? ಮತ್ತಿನ್ನೇನು ಟೀಚರ್, ಸಿಳ್ಳೆ ಹಾಕ್ಲಿ!" ಅಂದ. ಇಲ್ಲಿಯ ಗಂಡಸರು ಈ ಬೆಟ್ಟದಿಂದ ಆ ಬೆಟ್ಟಕ್ಕೆ ಸಿಳ್ಳೆಯಲ್ಲೇ ಮಾತಾಡುವುದು ನಿಮಗೆ ಗೊತ್ತೇ ಇದೆ. ಇವರ ಮಾತೇ ರಾಗದ ಹಾಗೆ ಏರಿಳಿಯುವುದರಿಂದ, ಆ ಏರಿಳಿತವನ್ನಷ್ಟೇ ಸಿಳ್ಳೆಗೆ ಹಾಕಿದರೂ ಕೇಳಿದವರಿಗೆ ತಿಳಿಯುತ್ತದೆ. ಈ ಊರಿಗೆ ಬಂದು ನಾಲ್ಕು ವರ್ಷವಾದರೂ ನನಗೆ ಅದು ಬಂದಿಲ್ಲ.

ಕಾರ್ಡಿನಲ್ಲಿ ನಿಮಗೆ ಸಿಳ್ಳೆಯ ಪಾಠ ಮಾಡುವವನು ಕ್ರಿಸ್ಪಿನ್. ಪರೀಕ್ಷೆ ತೆಗೆದುಕೊಳ್ಳುವವಳು ಸೊಯ್ಲಾ. "ಹುಡ್ಗೀರು ಸಿಳ್ಳೆ ಹಾಕಲ್ಲ" ಅಂದರು ಯಾರೋ. "ಹಾಕೋದು ಅವ್ರು. ನಾನು ತಪ್ಪು ಹಿಡಿಯೋಳು" ಅಂದಳು. ನಿಮ್ಮ ಸಿಳ್ಳೆಯನ್ನು ವಿಡಿಯೊ ಮಾಡಿ ಕಳಿಸಬೇಕಂತೆ. ಸರಿಯಾದರೆ ಮಾತ್ರ ಮುಂದಿನ ಪಾಠ. ಅವಳು ಬಹಳ ಕಟ್ಟುನಿಟ್ಟು, ಮೊದಲೇ ಹೇಳಿರುತ್ತೇನೆ.

ನಿಮ್ಮ ಎದೆಲ್


ತುಸ್ತೆಪೆಕ್, ಮಾರ್ಚ್ 3

ಪ್ರೀತಿಯ ಎದೆಲ್,

ಮೊದಲನೇ ಪಾಠದಲ್ಲೇ ನಿನ್ನ ಸೊಯ್ಲಾ ನನ್ನನ್ನು ಮೂರು ಸಲ ಫೇಲು ಮಾಡಿದಳು. ಮೊದಲ ಸಲ 'ಬಾ' ಅನ್ನುವ ಬದಲು 'ಕುಂಬಳಕಾಯಿ' ಅಂದೆನಂತೆ. ಎರಡನೇ ಸಲ ಯಾವ ಭಾಷೆಯೂ ಅಲ್ಲವಂತೆ. ಮೂರನೇ ಸಲ ನನಗೆ ಸಿಟ್ಟು ಬರುವಷ್ಟರಲ್ಲಿ ಅವಳೇ ವಿಡಿಯೊದಲ್ಲಿ, "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಹಿಂದಕ್ಕೆ ಹಾಕಿ ನೋಡಿ. ಎಷ್ಟು ಸಲ ಬೇಕಾದ್ರೂ ನೋಡಿ, ಕ್ರಿಸ್ಪಿನ್‌ಗೆ ಸುಸ್ತಾಗಲ್ಲ" ಅಂದಳು. ಹಾಕಿದೆ, ನಿಲ್ಲಿಸಿದೆ, ಮತ್ತೆ ಹಾಕಿದೆ. ಆ ಹುಡುಗ ಪ್ರತಿ ಸಲವೂ ಅಷ್ಟೇ ನಗುತ್ತಾ ತುಟಿ ಚೂಪು ಮಾಡಿ ತೋರಿಸಿದ. ಮುದುಕನಿಗೆ ಕಲಿಯಲು ನಾಚಿಕೆ ಇರುತ್ತದೆ ಎದೆಲ್. ನೋಡುವವರಿಲ್ಲದಿದ್ದರೆ ಆ ನಾಚಿಕೆಯೂ ಸುಮ್ಮನೆ ಹೋಗುತ್ತದೆ. ಅಕ್ಕ ಮಾತ್ರ ಹಿತ್ತಲಿನ ಕೋಳಿಗಳೆಲ್ಲ ಮೊಟ್ಟೆ ಇಡುವುದು ಬಿಟ್ಟಿವೆ ಅಂತ ಶಪಿಸುತ್ತಿದ್ದಾಳೆ.

ಈಗ ಮೂರನೇ ಪಾಠ ಮುಗಿದಿದೆ. ಇವತ್ತು ಬೆಳಿಗ್ಗೆ ನಡೆದದ್ದನ್ನು ಬರೆಯಲೆಂದೇ ಕೂತಿದ್ದೇನೆ.

ಪೇಟೆಗೆ ಹೋಗಿದ್ದೆ. ಗಿಜಿಗಿಜಿ ಜನ. ದೂರದಲ್ಲಿ ಒಬ್ಬ ಲಾರಿಯಿಂದ ಅನಾನಸು ಇಳಿಸುತ್ತಿದ್ದ. ನಿಮ್ಮ ಬೆಟ್ಟದ ಕಡೆಯವನ ಹಾಗೆ ಕಂಡ. ನನಗೆ ಏನನ್ನಿಸಿತೋ, ಮೂರನೇ ಪಾಠದ ಮಾತನ್ನು ಸಿಳ್ಳೆ ಹಾಕಿದೆ: 'ಎಲ್ಲಿಂದ ಬಂದೆ ಅಣ್ಣ?'

ಅವನ ಕೈ ನಿಂತಿತು. ಹೆಗಲ ಮೇಲಿನ ಬುಟ್ಟಿ ಕೆಳಗಿಟ್ಟು ಸುತ್ತಲೂ ಹುಡುಕಿದ. ನಾನು ಕೈ ಎತ್ತಿದೆ. ಅಷ್ಟೂ ಜನರ ತಲೆಯ ಮೇಲಿಂದ ನನ್ನನ್ನು ಕಂಡು, ಬಿಳಿ ಹಲ್ಲು ಬಿಟ್ಟು ನಕ್ಕು, ಉದ್ದಕ್ಕೆ ಒಂದು ಸಿಳ್ಳೆ ಹಾಕಿದ. ಏರಿತು, ಇಳಿಯಿತು, ತಿರುಗಿತು, ಮುಗಿಯಲೇ ಇಲ್ಲ. ಊರಿನ ಹೆಸರು, ಮನೆಯ ಸುದ್ದಿ, ಏನೇನು ಹೇಳಿದನೋ!

ನನಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಎಂಟು ತಿಂಗಳಲ್ಲಿ ಮೊದಲ ಸಲ ಒಬ್ಬ ಮನುಷ್ಯನನ್ನು ದೂರದಿಂದ ಕೂಗಿ ಕರೆದಿದ್ದೆ. ಅವನು "ಏನು?" ಅನ್ನಲಿಲ್ಲ.

ನಾಲ್ಕನೇ ಪಾಠವನ್ನು ಬೇಗ ಕಳಿಸುವಂತೆ ಸೊಯ್ಲಾಗೆ ಹೇಳು. ಅನಾನಸಿನ ಲಾರಿಯ ಜೊತೆ ಅವನು ಭಾನುವಾರ ಮತ್ತೆ ಬರುತ್ತಾನಂತೆ.

ನಿಮ್ಮೆಲ್ಲರ ಶಿಷ್ಯ,
ಫಿಲೆಮೋನ್